ಒಂದು ಪತ್ರದಿಂದ ಹುಟ್ಟಿದ ಆಟ, ಆ ಪತ್ರ ಬರೆದ ಆಟಗಾರ

ಮಾನ್ಯ ಸಂಪಾದಕರೇ,

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ರಿಟೈರ್ ಆಗಿ ನಾಲ್ಕು ವರ್ಷ ಆಯ್ತು. ಮಗಳು, ಅಳಿಯ ಮೆಲ್ಬರ್ನಿನಲ್ಲಿದ್ದಾರೆ. ಮೊಮ್ಮಗನನ್ನು ನೋಡಿಕೊಳ್ಳೋಣ ಅಂತ ನಾನೂ ನನ್ನಾಕೆಯೂ ಐದು ತಿಂಗಳಿಂದ ಇಲ್ಲೇ ಇದ್ದೇವೆ. ಇಲ್ಲಿಗೆ ಬಂದ ಮೇಲೂ ಬೆಳಿಗ್ಗೆ ಕಾಫಿ ಜೊತೆ ನಿಮ್ಮ ಪತ್ರಿಕೆ ಓದುವುದನ್ನು ಬಿಟ್ಟಿಲ್ಲ, ಫೋನಿನಲ್ಲಿ ಓದುತ್ತೇನೆ ಅಷ್ಟೇ. ಮೊದಲು ಕ್ರೀಡಾ ಪುಟ, ಆಮೇಲೆ ಓದುಗರ ಪತ್ರ, ಮಿಕ್ಕಿದ್ದೆಲ್ಲ ಆಮೇಲೆ.

ಮೊನ್ನೆ ನಿಮ್ಮ ಕ್ರೀಡಾ ಪುಟದಲ್ಲಿ ಮೆಲ್ಬರ್ನ್ ಕ್ರಿಕೆಟ್ ಮೈದಾನದ ಬಗ್ಗೆ ಒಂದು ಚಿಕ್ಕ ಬರಹ ಇತ್ತು. ಅಲ್ಲಿ ಡಿಸೆಂಬರ್ 26ಕ್ಕೆ ನಡೆಯುವ ಬಾಕ್ಸಿಂಗ್ ಡೇ ಟೆಸ್ಟ್ ಬಗ್ಗೆ ಚೆನ್ನಾಗಿಯೇ ಬರೆದಿದ್ದೀರಿ. ಆದರೆ ಆ ಮೈದಾನದ ಕತೆಯಲ್ಲಿ ಇರಲೇಬೇಕಾದ ಒಬ್ಬ ಮನುಷ್ಯನ ಹೆಸರು ಎಲ್ಲೂ ಕಾಣಲಿಲ್ಲ. ಅವನ ಬಗ್ಗೆ ಹೇಳಲೇಬೇಕು ಅನ್ನಿಸಿತು. ಪತ್ರ ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕಬೇಡಿ.

1858ರ ಜುಲೈ 10ರಂದು ಮೆಲ್ಬರ್ನಿನ ಒಂದು ಕ್ರೀಡಾ ವಾರಪತ್ರಿಕೆಯಲ್ಲಿ ಸಂಪಾದಕರಿಗೆ ಬಂದ ಪತ್ರವೊಂದು ಅಚ್ಚಾಯಿತು. ಬರೆದವನಿಗೆ 22 ವರ್ಷ. ಹೆಸರು ಟಾಮ್ ವಿಲ್ಸ್. ಆಗಲೇ ಆ ಊರಿಗೆಲ್ಲ ಗೊತ್ತಿದ್ದ ಕ್ರಿಕೆಟಿಗ. ಪತ್ರದಲ್ಲಿ ಅವನು ಹೇಳಿದ್ದು ಇಷ್ಟೇ: ಕ್ರಿಕೆಟ್ ಕಾಲ ಮುಗಿಯಿತು, ಇನ್ನು ಕೆಲವು ತಿಂಗಳು ಆಟಗಾರರೆಲ್ಲ ಗೂಡಿನೊಳಗಿನ ಹುಳುವಿನ ಹಾಗೆ ಮಂಕಾಗಿ ಬಿದ್ದಿರುತ್ತಾರೆ, ಮೈ ಜಡ್ಡುಗಟ್ಟುತ್ತೆ, ಅದರ ಬದಲು ಒಂದು ಫುಟ್‌ಬಾಲ್ ಕ್ಲಬ್ ಯಾಕೆ ಕಟ್ಟಬಾರದು, ಮೂರು ಜನರದ್ದೋ ಇನ್ನೂ ಜಾಸ್ತಿ ಜನರದ್ದೋ ಒಂದು ಸಮಿತಿ ಮಾಡಿ ಅದಕ್ಕೆ ನಿಯಮ ಯಾಕೆ ಬರೆಯಬಾರದು. ಫುಟ್‌ಬಾಲ್ ಆಗದಿದ್ದರೆ ಬಂದೂಕಿನಿಂದ ಗುರಿ ಹೊಡೆಯುವ ಕ್ಲಬ್ ಆದರೂ ಮಾಡೋಣ ಎಂದೂ ಸೇರಿಸಿದ್ದ. ಗೂಡಿನ ಹುಳುವಿನ ಮಾತು ನಮ್ಮ ಕಡೆ ರೇಷ್ಮೆ ಸಾಕುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆ ಬಂದಾಗ ಬಣ್ಣಬಣ್ಣದ ರೆಕ್ಕೆ ಬಿಚ್ಚಿ ಹಾರುತ್ತಾರೆ, ಅಲ್ಲಿಯವರೆಗೆ ಏನು ಮಾಡುವುದು ಅನ್ನುವುದೇ ಅವನ ಚಿಂತೆ.

ಓದುಗರ ಪತ್ರ ಅಂದರೆ ರಸ್ತೆ ಗುಂಡಿ, ಬೀದಿದೀಪ, ಬಸ್ಸು ನಿಲ್ಲಿಸಲ್ಲ ಅನ್ನುವ ದೂರು ಎಂದು ತಿಳಿದಿದ್ದ ನನಗೆ ಈ ಒಂದು ಪತ್ರದಿಂದ ಇಡೀ ಒಂದು ಆಟವೇ ಶುರುವಾಯಿತು ಎಂದು ಗೊತ್ತಾದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಅದೇ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಇಲ್ಲಿಯವರು ಪ್ರೀತಿಯಿಂದ ಫೂಟಿ ಅನ್ನುತ್ತಾರೆ. ಸೆಪ್ಟೆಂಬರ್ ಕೊನೆಗೆ ಅದರ ಫೈನಲ್ ನಡೆದರೆ ಅದೇ ಕ್ರಿಕೆಟ್ ಮೈದಾನದಲ್ಲಿ ಲಕ್ಷ ಜನ ಕೂರುತ್ತಾರೆ. 1970ರ ಫೈನಲ್‌ಗೆ 1,21,696 ಜನ ಬಂದಿದ್ದರು, ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ಆಟ ಹೇಗೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಂದೊಂದು ಕಡೆ 18 ಜನ. ಮೈದಾನ ಕ್ರಿಕೆಟ್ಟಿನದೇ, ಮೊಟ್ಟೆಯಾಕಾರದ್ದು. ಚೆಂಡೂ ಮೊಟ್ಟೆಯಾಕಾರದ್ದು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ 6 ಅಂಕ, ಪಕ್ಕಕ್ಕೆ ಹೋದರೆ 1. ಚೆಂಡನ್ನು ಕೈಯಲ್ಲಿ ಎಸೆಯುವ ಹಾಗಿಲ್ಲ, ಒಂದು ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬೇಕು. ಹಿಡಿದುಕೊಂಡು ಓಡಬಹುದು, ಆದರೆ 15 ಮೀಟರ್ ಆಗುವಷ್ಟರಲ್ಲಿ ಒಂದು ಸಲ ನೆಲಕ್ಕೆ ಪುಟಿಸಬೇಕು. ಇನ್ನೊಬ್ಬ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ ಅದು ಮಾರ್ಕ್, ಆಮೇಲೆ ಯಾರ ಕಾಟವೂ ಇಲ್ಲದೆ ನಿಂತು ಒದೆಯಬಹುದು. ಆ ಹಿಡಿತಕ್ಕಾಗಿ ಎದುರಾಳಿಯ ಬೆನ್ನು ಭುಜದ ಮೇಲೆ ಮೊಣಕಾಲಿಟ್ಟು ಎರಡಾಳು ಎತ್ತರಕ್ಕೆ ಹಾರುತ್ತಾರೆ, ನೋಡಿದರೆ ಎದೆ ಝಲ್ ಅನ್ನುತ್ತೆ.

ನನ್ನ ಆರು ವರ್ಷದ ಮೊಮ್ಮಗ ಶನಿವಾರ ಬೆಳಿಗ್ಗೆ ಆಸ್‌ಕಿಕ್ ಅನ್ನುವ ಮಕ್ಕಳ ತರಬೇತಿಗೆ ಹೋಗುತ್ತಾನೆ. ಕರೆದುಕೊಂಡು ಹೋಗುವವನು ನಾನೇ. ಒಂಬತ್ತು ಗಂಟೆ, ಬಾಯಿ ಬಿಟ್ಟರೆ ಹೊಗೆ ಬರುವಷ್ಟು ಚಳಿ, ಹುಲ್ಲಿನ ಮೇಲೆ ಇಬ್ಬನಿ. ಗೆರೆಯ ಆಚೆ ನಿಂತು ಆ ಪುಟ್ಟ ಕೈಗಳನ್ನೇ ನೋಡುತ್ತಿರುತ್ತೇನೆ. ಚೆಂಡನ್ನು ನಿಲುವಾಗಿ ಎರಡೂ ಕೈಯಲ್ಲಿ ಹಿಡಿಯಬೇಕು, ಒದೆಯುವ ಕಾಲಿನ ತೊಡೆಯ ನೇರಕ್ಕೆ ತರಬೇಕು, ಎತ್ತಿ ಹಾಕದೆ ಸುಮ್ನೆ ಕೈ ಬಿಡಬೇಕು, ಅದು ಪಾದದ ಮೇಲೆ ಬೀಳುವ ಕ್ಷಣಕ್ಕೆ ಬೆರಳು ಮುಂದಕ್ಕೆ ಚಾಚಿ ಒದೆಯಬೇಕು. ಆಗ ಚೆಂಡು ಹಿಂದಕ್ಕೆ ಉರುಳುತ್ತಾ ನೇರವಾಗಿ ಹೋಗುತ್ತೆ. ಕೈಬಿಡುವಾಗ ಒಂದು ಚೂರು ವಾಲಿದರೂ ಎಲ್ಲೋ ಹೋಗಿ ಬೀಳುತ್ತೆ. ಪುಟಿಸುವುದು ಇನ್ನೂ ಕಷ್ಟ. ಮೂತಿ ಮುಂದಕ್ಕೆ ಓರೆಯಾಗಿ ನೆಲಕ್ಕೆ ತಾಗಿದರೆ ಮಾತ್ರ ಅದು ವಾಪಸ್ ಕೈಗೆ ಬರುತ್ತೆ. ಸಾವಿರಾರು ಮಕ್ಕಳಿಗೆ ವಾಲಿಬಾಲ್, ಥ್ರೋಬಾಲ್ ಹೇಳಿಕೊಟ್ಟ ನಾನು ಈ ಒಂದು ಚೆಂಡಿನ ಮುಂದೆ ಮತ್ತೆ ವಿದ್ಯಾರ್ಥಿಯಾದೆ. ಆ ಕುತೂಹಲದಲ್ಲೇ ಇದನ್ನು ಶುರು ಮಾಡಿದವರು ಯಾರು ಎಂದು ಇಲ್ಲಿನ ಲೈಬ್ರರಿಯಲ್ಲಿ ಕೂತು ಓದಲು ಶುರು ಮಾಡಿದ್ದು.

ಟಾಮ್ ವಿಲ್ಸ್ ಹುಟ್ಟಿದ್ದು 1835ರ ಆಗಸ್ಟ್ 19ರಂದು, ನ್ಯೂ ಸೌತ್ ವೇಲ್ಸ್‌ನಲ್ಲಿ. ಅಪ್ಪ ಹೊರೇಷಿಯೊ ಕುರಿ ಸಾಕಣೆಯ ದೊಡ್ಡ ಜಮೀನ್ದಾರ. ಟಾಮ್ ಚಿಕ್ಕವನಿದ್ದಾಗಲೇ ಕುರಿ, ದನ, ಗಾಡಿ ಎಲ್ಲ ಕಟ್ಟಿಕೊಂಡು ದಕ್ಷಿಣಕ್ಕೆ ಬಂದು, ಈಗಿನ ವಿಕ್ಟೋರಿಯಾ ರಾಜ್ಯದ ಗ್ರಾಂಪಿಯನ್ಸ್ ಬೆಟ್ಟಸಾಲಿನ ಹತ್ತಿರ, ಮೊಯ್ಸ್ಟನ್ ಅನ್ನುವ ಕಡೆ ನೆಲೆ ನಿಂತರು. ಅದು ಜಾಬ್ ವುರಂಗ್ ಎಂಬ ಮೂಲನಿವಾಸಿ ಜನರ ನೆಲ. ಸುತ್ತಮುತ್ತ ಬಿಳಿಯರ ಮಕ್ಕಳು ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಈ ಹುಡುಗ ಬೆಳೆದದ್ದೇ ಆ ಮಕ್ಕಳ ಜೊತೆ. ಅವರ ಭಾಷೆ ಬರುತ್ತಿತ್ತು, ಅವರ ಹಾಡು ಬರುತ್ತಿತ್ತು, ಅವರ ಕುಣಿತವನ್ನು ಹಾಗೇ ಮಾಡಿ ತೋರಿಸುತ್ತಿದ್ದ.

14ನೇ ವಯಸ್ಸಿಗೆ ಅಪ್ಪ ಅವನನ್ನು ಇಂಗ್ಲೆಂಡಿನ ರಗ್ಬಿ ಶಾಲೆಗೆ ಹಡಗು ಹತ್ತಿಸಿದ. ಓದಿ ವಕೀಲನಾಗಲಿ ಅನ್ನುವ ಆಸೆ. ಓದು ತಲೆಗೆ ಹತ್ತಲಿಲ್ಲ, ಆಟ ಹತ್ತಿತು. ಶಾಲೆಯ ಕ್ರಿಕೆಟ್ ತಂಡದ ಕ್ಯಾಪ್ಟನ್ ಆದ, ಅಲ್ಲಿಯ ಒರಟು ಫುಟ್‌ಬಾಲ್‌ನಲ್ಲೂ ಹೆಸರು ಮಾಡಿದ. 1856ರಲ್ಲಿ ಆಕ್ಸ್‌ಫರ್ಡ್ ಎದುರು ಕೇಂಬ್ರಿಡ್ಜ್ ತಂಡಕ್ಕೆ ಆಡಿದ, ಅಲ್ಲಿ ಒಂದು ದಿನ ಕ್ಲಾಸಿನಲ್ಲಿ ಕೂತವನಲ್ಲ! ಕೇಂಬ್ರಿಡ್ಜ್‌ಗೆ ಒಬ್ಬ ಕಡಿಮೆ ಬಿದ್ದಿದ್ದ, ಇವನು ಚೆನ್ನಾಗಿ ಆಡುತ್ತಿದ್ದ, ಅಷ್ಟೇ. ಅದೇ ವರ್ಷ ಡಿಸೆಂಬರ್‌ನಲ್ಲಿ ಮೆಲ್ಬರ್ನಿಗೆ ವಾಪಸ್ ಬಂದಿಳಿದಾಗ ಊರು ಗುರುತೇ ಸಿಗದಷ್ಟು ಬದಲಾಗಿತ್ತು. 1851ರಲ್ಲಿ ಚಿನ್ನ ಸಿಕ್ಕಿ ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ಸೇರಿದ್ದರು. ಕೈಯಲ್ಲಿ ದುಡ್ಡು, ಶನಿವಾರ ಮಧ್ಯಾಹ್ನ ಬಿಡುವು, ನೋಡಲು ಒಬ್ಬ ಹೀರೋ ಬೇಕಿತ್ತು. ಟಾಮ್ ಸಿಕ್ಕಿದ. 1858ರ ಜನವರಿಯಲ್ಲಿ ಅವನ ಕ್ಯಾಪ್ಟನ್‌ಗಿರಿಯಲ್ಲಿ ವಿಕ್ಟೋರಿಯಾ ತಂಡ ನ್ಯೂ ಸೌತ್ ವೇಲ್ಸನ್ನು ಸೋಲಿಸಿದಾಗ ಜನ ಹುಚ್ಚೆದ್ದು ಕುಣಿದರು.

ಆ ಪತ್ರ ಅಚ್ಚಾಗಿ ತಿಂಗಳೊಳಗೆ, ಆಗಸ್ಟ್ 7ಕ್ಕೆ, ಮೈದಾನದ ಪಕ್ಕದ ಬಯಲಿನಲ್ಲಿ ಸ್ಕಾಚ್ ಕಾಲೇಜ್ ಮತ್ತು ಮೆಲ್ಬರ್ನ್ ಗ್ರಾಮರ್ ಎಂಬ ಎರಡು ಶಾಲೆಗಳ ಹುಡುಗರು ಒಂದೊಂದು ಕಡೆ 40 ಜನ ನಿಂತು ಆಡಿದರು. ಮರಗಳ ನಡುವೆ ಆಟ. ಕತ್ತಲಾಗುವವರೆಗೂ ಆಡಿದರೂ ಮುಗಿಯಲಿಲ್ಲ. ಆಗಸ್ಟ್ 21ಕ್ಕೆ ಮತ್ತೆ, ಸೆಪ್ಟೆಂಬರ್ 4ಕ್ಕೆ ಮತ್ತೆ. ಮೂರು ಶನಿವಾರ ಆಡಿ ಇಬ್ಬರದ್ದೂ ಒಂದೊಂದು ಗೋಲು! ಡ್ರಾ. ಅಂಪೈರ್‌ಗಳು ಇಬ್ಬರು. ಒಬ್ಬ ಟಾಮ್ ವಿಲ್ಸ್, ಇನ್ನೊಬ್ಬ ಡಾಕ್ಟರ್ ಜಾನ್ ಮಕಾಡಮ್. ಅಂಗಡಿಯಲ್ಲಿ ಗೋಡಂಬಿ ಪಕ್ಕ ಇಟ್ಟಿರುವ ಮಕಡೇಮಿಯಾ ಬೀಜಕ್ಕೆ ಇದೇ ಡಾಕ್ಟರ ಹೆಸರು ಇಟ್ಟಿರುವುದು. ಮೈದಾನದ ಹೊರಗೆ ಈಗ ಆ ಪಂದ್ಯದ ಒಂದು ಕಂಚಿನ ಪ್ರತಿಮೆ ಇದೆ, 2001ರಲ್ಲಿ ನಿಲ್ಲಿಸಿದ್ದು. ಹುಡುಗರು ಚೆಂಡಿಗಾಗಿ ಕಿತ್ತಾಡುತ್ತಿದ್ದಾರೆ, ಪಕ್ಕದಲ್ಲಿ ಟಾಮ್ ಅಂಪೈರಾಗಿ ನಿಂತಿದ್ದಾನೆ. ಇಷ್ಟು ದೊಡ್ಡ ಆಟಗಾರನನ್ನು ಆಡುವವನಾಗಿ ತೋರಿಸದೆ ಆಡಿಸುವವನಾಗಿ ತೋರಿಸಿದ್ದು ಒಬ್ಬ ಪಿ.ಟಿ. ಮೇಷ್ಟ್ರಿಗೆ ಎಷ್ಟು ಹಿತವಾಯಿತು ಎಂದು ನಿಮಗೆ ಹೇಳಬೇಕಾಗಿಲ್ಲ.

ಮುಂದಿನ ವರ್ಷ, 1859ರ ಮೇ 17ಕ್ಕೆ, ಮೈದಾನದ ಹತ್ತಿರದ ಪೆರೇಡ್ ಹೋಟೆಲಿನಲ್ಲಿ ನಾಲ್ಕು ಜನ ಕೂತು ಹತ್ತು ನಿಯಮ ಬರೆದರು. ಟಾಮ್ ವಿಲ್ಸ್, ವಿಲಿಯಂ ಹ್ಯಾಮರ್ಸ್ಲಿ, ಜೆ.ಬಿ. ಥಾಂಪ್ಸನ್, ಥಾಮಸ್ ಸ್ಮಿತ್. ಹ್ಯಾಮರ್ಸ್ಲಿ ಮತ್ತು ಥಾಂಪ್ಸನ್ ಪತ್ರಕರ್ತರು, ಸ್ಮಿತ್ ಶಾಲಾ ಮೇಷ್ಟ್ರು. ನೋಡಿ ಸಂಪಾದಕರೇ, ನಿಮ್ಮವರೂ ಇದ್ದಾರೆ, ನಮ್ಮವರೂ ಇದ್ದಾರೆ. ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ. ಅಂದರೆ ಇವತ್ತು ಜಗತ್ತೆಲ್ಲ ಆಡುವ ಫುಟ್‌ಬಾಲ್‌ಗೆ ಅಲ್ಲಿ ಕೂತು ನಿಯಮ ಬರೆಯುವ ನಾಲ್ಕು ವರ್ಷ ಮೊದಲೇ ಇಲ್ಲಿ ಇವರು ಬರೆದು ಮುಗಿಸಿದ್ದರು. ಟಾಮ್‌ಗೆ ತನ್ನ ರಗ್ಬಿ ಶಾಲೆಯ ನಿಯಮಗಳೇ ಇಷ್ಟ. ಬೇರೆಯವರಿಗೆ ಅವು ಅರ್ಥವೇ ಆಗಲಿಲ್ಲ. ರಗ್ಬಿಯಲ್ಲಿ ಎದುರಾಳಿಯ ಮೊಣಕಾಲ ಕೆಳಗೆ ಬೂಟಿನಿಂದ ಒದೆಯುವುದಕ್ಕೆ ಅವಕಾಶ ಇತ್ತು. ಇಲ್ಲಿ ಬೇಡ ಎಂದರು. ಆಡುವವರು ಶಾಲೆಯ ಮಕ್ಕಳಲ್ಲ, ಸೋಮವಾರ ಕೆಲಸಕ್ಕೆ ಹೋಗಬೇಕಾದ ದೊಡ್ಡವರು, ನೆಲವೂ ಇಂಗ್ಲೆಂಡಿನ ಹಾಗೆ ಮೆತ್ತಗಿಲ್ಲ. ಚೆಂಡನ್ನು ಎಸೆಯುವಂತಿಲ್ಲ ಅನ್ನುವುದೂ, ಹಿಡಿದವನು ಮಾರ್ಕ್ ಅಂತ ಕೂಗಿದರೆ ಅವನಿಗೆ ಫ್ರೀ ಕಿಕ್ ಅನ್ನುವುದೂ ಆ ಹತ್ತರಲ್ಲಿಯೇ ಇವೆ. ಆ ಕಾಗದ ಈಗಲೂ ಉಳಿದಿದೆ, ಮೈದಾನದೊಳಗಿನ ಕ್ರೀಡಾ ಮ್ಯೂಸಿಯಂನಲ್ಲಿ.

ಚೆಂಡು ಪುಟಿಸುತ್ತಾ ಓಡಬೇಕು ಅನ್ನುವ ನಿಯಮ ಬಂದದ್ದು 1866ರಲ್ಲಿ, ಟಾಮ್‌ನ ಹತ್ತಿರದ ಸಂಬಂಧಿ ಹ್ಯಾರಿಸನ್ ನಿಯಮಗಳನ್ನು ತಿದ್ದಿದಾಗ. ಈ ಹ್ಯಾರಿಸನ್ ಟಾಮ್‌ನ ತಂಗಿಯನ್ನೇ ಮದುವೆಯಾದವನು, ಅತಿ ವೇಗದ ಓಟಗಾರ, 90 ದಾಟಿ ಬದುಕಿದ. ಫೂಟಿಯ ಪಿತಾಮಹ ಅನ್ನುವ ಪಟ್ಟ ಬಹಳ ಕಾಲ ಅವನಿಗೇ ಇತ್ತು. ಟಾಮ್‌ಗೆ ಆ ಗೌರವ ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಆಟಗಾರನಾಗಿ ಟಾಮ್ ಮೆಲ್ಬರ್ನ್‌ಗೆ, ರಿಚ್ಮಂಡ್‌ಗೆ, ಆಮೇಲೆ ಹೆಚ್ಚು ವರ್ಷ ಜೀಲಾಂಗ್‌ಗೆ ಆಡಿದ. 200ಕ್ಕೂ ಜಾಸ್ತಿ ಪಂದ್ಯ, ಅದೂ ವರ್ಷಕ್ಕೆ ಕೆಲವೇ ಪಂದ್ಯ ನಡೆಯುತ್ತಿದ್ದ ಕಾಲದಲ್ಲಿ. ಚೆಂಡು ಎಲ್ಲಿದೆಯೋ ಅಲ್ಲಿಗೇ ಎಲ್ಲರೂ ಜೇನುಹುಳದ ಹಾಗೆ ಮುತ್ತಿಕೊಳ್ಳುತ್ತಿದ್ದ ದಿನಗಳವು, ಇವತ್ತಿಗೂ ನಮ್ಮ ಐದನೇ ಕ್ಲಾಸಿನ ಹುಡುಗರು ಫುಟ್‌ಬಾಲ್ ಆಡುವುದು ಹಾಗೇ ಅಲ್ವಾ. ಟಾಮ್ ಮೈದಾನವನ್ನು ಓದಿದ. ಯಾರು ಎಲ್ಲಿ ನಿಲ್ಲಬೇಕು, ಗಾಳಿ ಯಾವ ಕಡೆ ಬೀಸುತ್ತಿದೆ, ಎಲ್ಲ ಲೆಕ್ಕ ಹಾಕುತ್ತಿದ್ದ. ಒಮ್ಮೆ ಬಲ್ಲಾರಟ್ ತಂಡದ ಎದುರು ಬಿರುಗಾಳಿ ತನ್ನ ತಂಡದ ಮೇಲೆ ಬೀಸುತ್ತಿದ್ದಾಗ ಇಡೀ ತಂಡವನ್ನು ಹಿಂದಕ್ಕೆ ಕರೆದು ಗೋಲಿನ ಮುಂದೆ ಗೋಡೆ ಕಟ್ಟಿಸಿದ, ಬೇಕಂತಲೇ ಚೆಂಡನ್ನು ಗೆರೆಯಾಚೆ ಒದೆಸಿ ಹೊತ್ತು ಕಳೆದ. ಇವತ್ತಿನ ಕೋಚ್‌ಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡುವುದನ್ನು ಅವನು 150 ವರ್ಷದ ಹಿಂದೆ ಗಾಳಿಗೆ ಮುಖ ಒಡ್ಡಿ ಮಾಡಿದ್ದ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಬರೆದರೆ ಟಾಮ್ ವಿಲ್ಸ್ ಬಗ್ಗೆ ಬರೆದ ಹಾಗಾಗುವುದಿಲ್ಲ.

1861ರಲ್ಲಿ ಅಪ್ಪ ಹೊರೇಷಿಯೊ ದೂರದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಲಿನ್-ಲಾ-ರಿಂಗೊ ಎಂಬ ದೊಡ್ಡ ಜಾಗ ಹಿಡಿದು, ಮಗನನ್ನೂ ಕರೆದುಕೊಂಡು, ಹತ್ತು ಸಾವಿರಕ್ಕೂ ಹೆಚ್ಚು ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ನಡೆದು ಹೋದ. ಅದು ಗೈರಿ ಎಂಬ ಮೂಲನಿವಾಸಿ ಜನರ ನೆಲ. ಅದಕ್ಕೂ ಮುಂಚೆ, ಕುರಿ ಕದ್ದರು ಎಂಬ ನೆಪದಲ್ಲಿ ಪಕ್ಕದ ಬಿಳಿ ಜಮೀನ್ದಾರನೊಬ್ಬನ ಕಡೆಯವರು ಗೈರಿ ಜನರನ್ನು ಕೊಂದಿದ್ದರು. ಆ ಸೇಡು ಬಂದು ಎರಗಿದ್ದು ಆಗಷ್ಟೇ ಬಂದಿಳಿದಿದ್ದ ವಿಲ್ಸ್ ಕುಟುಂಬದ ಮೇಲೆ. ಅಕ್ಟೋಬರ್ 17ರ ಮಧ್ಯಾಹ್ನ ಹೊರೇಷಿಯೊ ಸೇರಿ 19 ಜನರನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಕೊಂದರು. ದಾರಿಯಲ್ಲಿ ಬಿಟ್ಟು ಬಂದಿದ್ದ ಸಾಮಾನು ತರಲು ಹೋಗಿದ್ದರಿಂದ ಟಾಮ್ ಉಳಿದ. ಅದಾದ ಮೇಲೆ ಬಿಳಿಯರು ಮತ್ತು ಪೊಲೀಸರು ತೀರಿಸಿಕೊಂಡ ಸೇಡು ಇನ್ನೂ ಭೀಕರ. ನೂರಾರು ಮೂಲನಿವಾಸಿಗಳನ್ನು ಹುಡುಕಿ ಹುಡುಕಿ ಕೊಂದರು, ಆ ಕೊಲೆಗಳಿಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ಟಾಮ್ ಆಗ ಬರೆದ ಪತ್ರದಲ್ಲಿ ಸೇಡಿನ ಮಾತಿದೆ. ಅವನೂ ಆ ಬೇಟೆಯಲ್ಲಿದ್ದ ಎಂದು ಹೇಳುವ 1895ರ ಒಂದು ಶಿಕಾಗೊ ಪತ್ರಿಕಾ ವರದಿ ಈಚೆಗೆ ಸಿಕ್ಕಿದೆ, ಅದನ್ನು ನಂಬಬೇಕೋ ಬೇಡವೋ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ. ಇಷ್ಟಪಟ್ಟ ಆಟಗಾರ ಎಂದು ನಾನು ಇದನ್ನು ಮುಚ್ಚಿಡಲಾರೆ. ಸತ್ತ ಆ ನೂರಾರು ಜನರ ಹೆಸರನ್ನೂ ಯಾರೂ ಬರೆದಿಡಲಿಲ್ಲ.

ಆದರೆ ಕತೆ ಇಲ್ಲಿಗೆ ನಿಲ್ಲುವುದಿಲ್ಲ. ಅಪ್ಪ ಸತ್ತ ಐದೇ ವರ್ಷಕ್ಕೆ, 1866ರಲ್ಲಿ, ಇದೇ ಟಾಮ್ ವಿಲ್ಸ್ ಪಶ್ಚಿಮ ವಿಕ್ಟೋರಿಯಾದ ಎಡೆನ್‌ಹೋಪ್ ಎಂಬ ಊರಿಗೆ ಹೋಗಿ ಮೂಲನಿವಾಸಿಗಳ ಕ್ರಿಕೆಟ್ ತಂಡಕ್ಕೆ ಕೋಚ್ ಆದ, ಕ್ಯಾಪ್ಟನ್ನೂ ಆದ. ಅವರು ಕುರಿ ದೊಡ್ಡಿಗಳಲ್ಲಿ ಕೂಲಿ ಮಾಡುತ್ತಾ ಆಟ ಕಲಿತವರು. ಟಾಮ್ ಅವರ ಜೊತೆ ಬಾಲ್ಯದಲ್ಲಿ ಕಲಿತ ಭಾಷೆಯಲ್ಲೇ ಮಾತಾಡುತ್ತಿದ್ದ. ಅವನಿಗೆ ದುಡ್ಡಿನ ಅಗತ್ಯ ಇತ್ತು ಅನ್ನುವುದೂ ನಿಜ. ಹಾಗಿದ್ದರೂ ಅಪ್ಪನ ಸಾವಿನ ನೆನಪು ಹಸಿಯಾಗಿರುವಾಗ ಆ ಜನರ ಪಕ್ಕ ನಿಂತು ಫೀಲ್ಡ್ ಮಾಡುವುದು ಸಣ್ಣ ಮಾತಲ್ಲ. ಅವತ್ತಿನ ಪತ್ರಿಕೆಗಳಿಗೂ ಅದು ಬೆರಗು.

ಆ ತಂಡ ಮೆಲ್ಬರ್ನ್ ಮೈದಾನದಲ್ಲಿ ಆಡಿದ್ದು ಯಾವತ್ತು ಗೊತ್ತಾ? 1866ರ ಡಿಸೆಂಬರ್ 26. ಬಾಕ್ಸಿಂಗ್ ಡೇ. ಸುಮಾರು 10,000 ಜನ ಸೇರಿದ್ದರು. ತಂಡ ಸೋತಿತು, ಆದರೆ ಜನ ಚಪ್ಪಾಳೆ ತಟ್ಟಿದ್ದು ಅವರಿಗೇ. ಸಂಪಾದಕರೇ, ನೀವು ಬರೆದ ಬಾಕ್ಸಿಂಗ್ ಡೇ ಕತೆಗೆ ನಾನು ಸೇರಿಸಬೇಕು ಅಂದುಕೊಂಡದ್ದು ಇದನ್ನೇ.

ಆ ತಂಡದ ಅತ್ಯುತ್ತಮ ಆಟಗಾರ ಉನಾರಿಮಿನ್. ಬಿಳಿಯರು ಇಟ್ಟ ಹೆಸರು ಜಾನಿ ಮುಲ್ಲಾಗ್. ಪ್ರವಾಸ ನಡೆಸುತ್ತೇನೆ ಎಂದು ಬಂದ ಒಬ್ಬ ವಂಚಕ ದುಡ್ಡು ನುಂಗಿದ, ತಂಡ ಸಿಡ್ನಿಯಲ್ಲಿ ಅನಾಥವಾಯಿತು, ಕಾಯಿಲೆ ಬಿದ್ದು ಹಲವರು ಸತ್ತರು. ಉಳಿದವರು ಮತ್ತೆ ಒಂದಾಗಿ 1868ರಲ್ಲಿ ಚಾರ್ಲ್ಸ್ ಲಾರೆನ್ಸ್ ಎಂಬ ಕ್ಯಾಪ್ಟನ್ ಜೊತೆ ಇಂಗ್ಲೆಂಡಿಗೆ ಹೋದರು. ಟಾಮ್‌ನನ್ನು ಕರೆದುಕೊಂಡು ಹೋಗಲಿಲ್ಲ. ಇಂಗ್ಲೆಂಡಿಗೆ ಹೋದ ಮೊದಲ ಆಸ್ಟ್ರೇಲಿಯಾ ತಂಡ ಅದೇ. ಬಿಳಿಯರ ತಂಡ ಹೋಗಿದ್ದು ಆಮೇಲೆ ಹತ್ತು ವರ್ಷಕ್ಕೆ. 47 ಪಂದ್ಯದಲ್ಲಿ 14 ಗೆಲುವು, 14 ಸೋಲು, 19 ಡ್ರಾ. ಮುಲ್ಲಾಗ್ ಒಬ್ಬನೇ 1,698 ರನ್ ಹೊಡೆದ, 245 ವಿಕೆಟ್ ತೆಗೆದ. ನಮ್ಮ ಓದುಗರಿಗೆ ಈ ಹೆಸರು ಕೇಳಿದ ಹಾಗಿರಬೇಕು. 2020ರಿಂದ ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲಿ ಪಂದ್ಯಶ್ರೇಷ್ಠನಿಗೆ ಕೊಡುವುದು ಮುಲ್ಲಾಗ್ ಪದಕ. ಮೊಟ್ಟಮೊದಲು ಅದನ್ನು ಕೊರಳಿಗೆ ಹಾಕಿಕೊಂಡವರು ನಮ್ಮ ಅಜಿಂಕ್ಯ ರಹಾನೆ. ಅಡಿಲೇಡ್‌ನಲ್ಲಿ 36ಕ್ಕೆ ಆಲೌಟ್ ಆಗಿ ತಲೆ ತಗ್ಗಿಸಿದ್ದ ತಂಡವನ್ನು 112 ರನ್ ಹೊಡೆದು ಎತ್ತಿ ನಿಲ್ಲಿಸಿದ ಪಂದ್ಯ ಅದು. 1868ರ ಆ ತಂಡ ತೊಡುತ್ತಿದ್ದ ಬೆಲ್ಟಿನ ಬಕಲ್ ಮಾದರಿಯಲ್ಲೇ ಪದಕ ಮಾಡಿದ್ದಾರೆ. ಮರುವರ್ಷ ಅದು ಸಿಕ್ಕಿದ್ದು ಮೂಲನಿವಾಸಿ ವಂಶದ ಸ್ಕಾಟ್ ಬೋಲಂಡ್‌ಗೆ, 7 ರನ್ ಕೊಟ್ಟು 6 ವಿಕೆಟ್ ತೆಗೆದದ್ದಕ್ಕೆ. ಇದೇ ಮೈದಾನದಲ್ಲಿ ನಮ್ಮ ಚಂದ್ರಶೇಖರ್ ಎರಡೂ ಇನ್ನಿಂಗ್ಸ್‌ನಲ್ಲಿ ಆರಾರು ವಿಕೆಟ್ ತೆಗೆದು, 1978ರ ಹೊಸ ವರ್ಷದ ವಾರದಲ್ಲಿ ಆಸ್ಟ್ರೇಲಿಯಾದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲ್ಲಿಸಿಕೊಟ್ಟದ್ದು. ಕೆ.ಎಲ್. ರಾಹುಲ್, ಮಯಂಕ್ ಅಗರ್ವಾಲ್ ಇಬ್ಬರೂ ಟೆಸ್ಟ್ ಆಟ ಶುರು ಮಾಡಿದ್ದು ಇಲ್ಲೇ, ಬಾಕ್ಸಿಂಗ್ ಡೇ ದಿನವೇ. ಆ ಹುಲ್ಲಿನ ಮೇಲೆ ಕನ್ನಡಿಗರ ಬೆವರೂ ಬಿದ್ದಿದೆ.

ಫೂಟಿ ವಿಷಯಕ್ಕೆ ಬಂದರೆ ಇಲ್ಲಿ ಇನ್ನೊಂದು ಬಿಸಿ ಚರ್ಚೆ ಇದೆ. ಮೂಲನಿವಾಸಿಗಳು ಮಾರ್ನ್‌ಗ್ರೂಕ್ ಎಂಬ ಆಟ ಆಡುತ್ತಿದ್ದರು. ಪೋಸಮ್ ಅನ್ನುವ ಪ್ರಾಣಿಯ ಚರ್ಮ ಸುತ್ತಿದ ಚೆಂಡನ್ನು ಮೇಲಕ್ಕೆ ಒದೆಯುವುದು, ಎತ್ತರಕ್ಕೆ ಹಾರಿ ಹಿಡಿಯುವುದು. ಬಿಳಿಯರು 1841ರಲ್ಲೇ ನೋಡಿ ಬರೆದಿಟ್ಟಿದ್ದಾರೆ. ಟಾಮ್ ಅದನ್ನು ಬಾಲ್ಯದಲ್ಲಿ ಆಡಿಯೇ ಫೂಟಿಯನ್ನು ಕಟ್ಟಿದ ಎಂದು ಕೆಲವರು. ಅದಕ್ಕೆ ಅವನ ಕೈಬರಹದ ಒಂದು ಸಾಲಿನ ಪುರಾವೆಯೂ ಇಲ್ಲ, ಹತ್ತು ನಿಯಮಗಳಲ್ಲಿ ಇರುವುದೆಲ್ಲ ಇಂಗ್ಲೆಂಡಿನ ಶಾಲೆಗಳದ್ದು ಎಂದು ಇನ್ನು ಕೆಲವರು. ನನಗೆ ಅನ್ನಿಸುವುದನ್ನು ಹೇಳುತ್ತೇನೆ. ಚಿನ್ನಿದಾಂಡು, ಲಗೋರಿ ನಮಗೆ ಯಾರು ಕಲಿಸಿದರು ಎಂದು ಯಾವ ಕಾಗದದಲ್ಲಿದೆ? ಮಕ್ಕಳು ಮಕ್ಕಳಿಂದ ಕಲಿಯುತ್ತಾರೆ, ಅದಕ್ಕೆ ರಸೀದಿ ಇರುವುದಿಲ್ಲ. ಆ ಭಾಷೆ, ಹಾಡು, ಕುಣಿತ ಎಲ್ಲ ಕಲಿತ ಹುಡುಗ ಅವರ ಚೆಂಡನ್ನು ಮಾತ್ರ ಮುಟ್ಟಲಿಲ್ಲ ಅನ್ನುವುದನ್ನು ಒಪ್ಪಲು ನನಗೆ ಕಷ್ಟ. ಆದರೆ ನಿಯಮ ಬರೆದ ಕೋಣೆಯಲ್ಲಿ ಒಬ್ಬ ಮೂಲನಿವಾಸಿಯೂ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ. ಇವತ್ತು ಫೂಟಿಯ ಅತಿ ದೊಡ್ಡ ಆಟಗಾರರಲ್ಲಿ ಮೂಲನಿವಾಸಿಗಳೂ ಇದ್ದಾರೆ. ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು ಎರಡು ಸಲ ಗೆದ್ದ ಆಡಮ್ ಗುಡ್ಸ್ ಅವರನ್ನು ಜನ ಪಂದ್ಯ ಪಂದ್ಯಕ್ಕೂ ಕೂಗಿ ಅವಮಾನಿಸಿ, ಕೊನೆಗೆ 2015ರಲ್ಲಿ ಅವರು ಆಟವನ್ನೇ ಬಿಟ್ಟರು. 2019ರಲ್ಲಿ ಲೀಗು ಮತ್ತು 18 ಕ್ಲಬ್‌ಗಳು ಕ್ಷಮೆ ಕೇಳಿದವು.

ಟಾಮ್‌ನ ಕೊನೆಯ ವರ್ಷಗಳ ಬಗ್ಗೆ ಓದುವಾಗ ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದ್ದೇನೆ. ಕ್ವೀನ್ಸ್‌ಲ್ಯಾಂಡಿನಿಂದ ಬಂದ ಮೇಲೆ ಕುಡಿತ ಜಾಸ್ತಿಯಾಯಿತು. ಕ್ರಿಕೆಟ್ ಕ್ಲಬ್‌ನ ಸೆಕ್ರೆಟರಿಯಾಗಿದ್ದಾಗ ಲೆಕ್ಕಪತ್ರ ಹಾಳು ಮಾಡಿದ್ದ ಎಂಬ ಹಳೆಯ ಮುನಿಸು ಬೇರೆ ಇತ್ತು. 1872ರಲ್ಲಿ ದೊಡ್ಡ ಪಂದ್ಯವೊಂದರಲ್ಲಿ ಬೌಲಿಂಗ್ ಅಲ್ಲ, ಎಸೆಯುತ್ತಿದ್ದಾನೆ ಎಂದು ಅಂಪೈರ್ ನೋಬಾಲ್ ಕೊಟ್ಟ. ಹಳೆಯ ಗೆಳೆಯರೇ ಪತ್ರಿಕೆಯಲ್ಲಿ ಅವನ ವಿರುದ್ಧ ಬರೆದರು. 70ರ ದಶಕದ ನಡುವೆ ಫೂಟಿಯೂ ಮುಗಿಯಿತು. ಸಾಲ, ಮನೆಯವರಿಂದ ದೂರ. ಜೊತೆಗಿದ್ದವಳು ಸಾರಾ ಬಾರ್ಬರ್ ಒಬ್ಬಳೇ. ಮೆಲ್ಬರ್ನಿನ ಹೊರಗಿನ ಹೈಡಲ್‌ಬರ್ಗ್ ಎಂಬ ಹಳ್ಳಿಯಲ್ಲಿ ಇದ್ದರು. 1880ರ ಮೇ ಮೊದಲ ದಿನ, ಕುಡಿತ ಬಿಟ್ಟಾಗ ಬರುವ ಭ್ರಮೆ, ನಡುಕ ತಡೆಯಲಾಗದೆ ಆಸ್ಪತ್ರೆಗೆ ಸೇರಿಸಿದರು. ಅವನು ಅಲ್ಲಿಂದ ಹೊರಟು ಬಂದ. ಮರುದಿನ ಮನೆಯಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಅವನಿಗೆ 44 ವರ್ಷ. ಮಣ್ಣು ಮಾಡುವಾಗ ಬೆರಳೆಣಿಕೆಯ ಜನ. ಆಮೇಲೆ ನೂರು ವರ್ಷ ಆ ಗೋರಿಗೆ ಒಂದು ಕಲ್ಲೂ ಇರಲಿಲ್ಲ.

ಮಗಳ ಮನೆಯಿಂದ ಹೈಡಲ್‌ಬರ್ಗ್ ದೂರವೇನಿಲ್ಲ. ಅಲ್ಲಿಯ ವಾರಿಂಗಲ್ ಸ್ಮಶಾನಕ್ಕೆ ಒಂದು ಮಂಗಳವಾರ ನಡೆದೇ ಹೋದೆ. 1980ರಲ್ಲಿ ಮೆಲ್ಬರ್ನ್ ಕ್ರಿಕೆಟ್ ಕ್ಲಬ್‌ನವರು ನಿಲ್ಲಿಸಿದ ಕಲ್ಲು ಅಲ್ಲಿದೆ, ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಸ್ಥಾಪಕ, ತನ್ನ ಕಾಲದ ಚಾಂಪಿಯನ್ ಕ್ರಿಕೆಟಿಗ ಎಂದು ಕೆತ್ತಿದ್ದಾರೆ. ಅವನು ಕುಡಿತದಿಂದ ನರಳಿದಾಗ ಒಂದು ಕೆಲಸ ಕೊಡಲು ಆಗದಿದ್ದ ಕ್ಲಬ್ಬೇ ನೂರು ವರ್ಷದ ಮೇಲೆ ಕಲ್ಲು ನಿಲ್ಲಿಸಿತು. ತಡವಾಗಿಯಾದರೂ ನಿಲ್ಲಿಸಿದ್ದು ದೊಡ್ಡದು, ನಾನು ಅವರನ್ನು ಬೈಯುವುದಿಲ್ಲ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ನನ್ನದೇ ಒಬ್ಬ ವಿದ್ಯಾರ್ಥಿ. ಕಬಡ್ಡಿಯಲ್ಲಿ ರೇಡರ್. ಅವನು ಗೆರೆ ದಾಟಿ ಹೋದರೆ ತಾಲ್ಲೂಕಿನ ಜನ ಉಸಿರು ಬಿಗಿ ಹಿಡಿಯುತ್ತಿದ್ದರು, ಅವನು ಮಾತ್ರ ಕಬಡ್ಡಿ ಕಬಡ್ಡಿ ಅನ್ನುತ್ತಾ ನಗುತ್ತಿದ್ದ. ಜಿಲ್ಲೆಗೆ ಆಡಿದ, ವಿಭಾಗಕ್ಕೆ ಆಡಿದ. ಮೊಣಕಾಲು ಹೋಯಿತು, ಆಟ ಹೋಯಿತು, ಕುಡಿತ ಹಿಡಿಯಿತು. ಊರಿನವರಿಗೆ ಅವನು ಆಮೇಲೆ ಬರೀ ಒಬ್ಬ ಕುಡುಕ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ 'ಸಾರ್, ನನ್ನ ಫೋಟೊ ಇನ್ನೂ ಸ್ಟಾಫ್ ರೂಮಲ್ಲಿ ಇದ್ಯಾ' ಅಂದ. ಇದೆ ಕಣಪ್ಪ ಅಂದೆ. ನನಗೆ ಬಸ್ಸು ಬಂತು, ಹೊರಟೆ. 38ಕ್ಕೆ ತೀರಿಕೊಂಡ. ಇನ್ನೊಂದು ಹತ್ತು ನಿಮಿಷ ನಿಂತು ಮಾತಾಡಿದ್ದರೆ ಎಂದು ಇವತ್ತಿಗೂ ಕೊರಗುತ್ತೇನೆ. ಆಟಗಾರರ ಬಗ್ಗೆ ಬರೆಯುವಾಗ ಪತ್ರಿಕೆಗಳು ರನ್ನು, ಪದಕ, ಸಂಭಾವನೆ ಇಷ್ಟಕ್ಕೇ ನಿಲ್ಲಿಸಬಾರದು ಎಂದು ನಾನು ಕೇಳುತ್ತಿರುವುದು ಅದಕ್ಕೇ. ಆಟ ಮುಗಿದ ಮೇಲೆ ಅವರು ಎಲ್ಲಿದ್ದಾರೆ, ಹೇಗಿದ್ದಾರೆ ಅನ್ನುವುದನ್ನೂ ಬರೆಯಿರಿ. ನಮ್ಮ ಜಿಲ್ಲೆ ಜಿಲ್ಲೆಗಳಲ್ಲಿ ಕಬಡ್ಡಿ, ಕೊಕ್ಕೊ, ಕುಸ್ತಿ ಆಡಿ ಹೆಸರು ಮಾಡಿ ಈಗ ಮೂಲೆಯಲ್ಲಿ ಕೂತವರು ಬೇಕಾದಷ್ಟು ಜನ ಇದ್ದಾರೆ. ವಾರಕ್ಕೆ ಒಬ್ಬರ ಬಗ್ಗೆ ಅರ್ಧ ಕಾಲಂ ಸಾಕು. ಅದರ ಕೆಳಗೆ ಟೆಲಿ ಮಾನಸ್ ನಂಬರ್ 14416 ಹಾಕಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಮಾರ್ಗದರ್ಶನದಲ್ಲಿ ದೇಶಕ್ಕೆಲ್ಲ ನಡೆಯುವ ಸಹಾಯವಾಣಿ ಅದು, ಫೋನ್ ಮಾಡಲು ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಷ್ಟೋ ಪಿ.ಟಿ. ಮೇಷ್ಟ್ರುಗಳಿಗೇ ಇದು ಗೊತ್ತಿಲ್ಲ, ನನಗೂ ರಿಟೈರ್ ಆದ ಮೇಲೆ ಗೊತ್ತಾಯಿತು.

ಇನ್ನೊಂದು ಕೋರಿಕೆ. ಬರುವ ಡಿಸೆಂಬರ್ 26ಕ್ಕೆ ನೀವು ಬಾಕ್ಸಿಂಗ್ ಡೇ ಟೆಸ್ಟ್ ಸುದ್ದಿ ಹಾಕುವಾಗ, ಪಕ್ಕದಲ್ಲಿ ನಾಲ್ಕು ಸಾಲಿನ ಒಂದು ಬಾಕ್ಸ್ ಮಾಡಿ 1866ರಲ್ಲಿ ಅದೇ ದಿನ, ಅದೇ ಮೈದಾನದಲ್ಲಿ ಆಡಿದ ಆ ಹನ್ನೊಂದು ಜನರ ಬಗ್ಗೆ ಹಾಕಿ. ಉನಾರಿಮಿನ್ ಎಂಬ ಹೆಸರನ್ನು ಅವನ ಜನ ಕರೆದ ಹಾಗೇ ಬರೆಯಿರಿ. ಕ್ಯಾಪ್ಟನ್ ಹೆಸರು ಟಾಮ್ ವಿಲ್ಸ್.

ಮುಂದಿನ ತಿಂಗಳು ನಾವು ಊರಿಗೆ ಹೊರಡುತ್ತೇವೆ. ಮೊಮ್ಮಗ ತನ್ನ ಹಳೆಯ ಚೆಂಡು ಒಂದನ್ನು ಗಾಳಿ ಬಿಟ್ಟು ನನ್ನ ಸೂಟ್‌ಕೇಸಿನಲ್ಲಿ ಇಟ್ಟಿದ್ದಾನೆ. ತಾತ, ಇದನ್ನ ನಿಮ್ಮ ಸ್ಕೂಲ್ ಮಕ್ಕಳಿಗೆ ಕೊಡು, ಬೀಳಿಸೋದು ಹೇಗೆ ಅಂತ ನೀನೇ ತೋರಿಸು ಅಂದಿದ್ದಾನೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ,
ಹಾಸನ (ಸದ್ಯ ಮೆಲ್ಬರ್ನ್)